ಮಲಕ್ಕಾ: ನೆಲ್ಲಿಮರದ ಊರಿನ ಚೀನೀಯರು

ಕಳೆದ ಬೇಸಿಗೆ ರಜೆಯಲ್ಲಿ ಸಿಂಗಾಪುರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿನ ಎತ್ತರದ ಕಟ್ಟಡಗಳನ್ನು ಎರಡು ದಿನ ನೋಡಿದ ಮೇಲೆ ಕುತ್ತಿಗೆ ನೋವು ಬಂತು. "ಇತಿಹಾಸ ಮಾಷ್ಟ್ರಿಗೆ ಇದೆಲ್ಲ ಹಿಡಿಸುವುದಿಲ್ಲ, ಮಲಕ್ಕಾಕ್ಕೆ ಕರೆದುಕೊಂಡು ಹೋಗ್ತೇನೆ" ಎಂದರು ಭಾವ. ಬೆಳಿಗ್ಗೆ ಬಸ್ಸು ಹತ್ತಿದೆವು. ಸಮುದ್ರದ ಮೇಲಿನ ಸೇತುದಾರಿ ದಾಟುವಾಗ ಈಚೆ ಒಂದು ಸಲ, ಆಚೆ ಒಂದು ಸಲ ಇಳಿದು ಪಾಸ್‌ಪೋರ್ಟ್ ತೋರಿಸಬೇಕು. ನಮಗೆ ತಲಪಾಡಿ ಗಡಿ ದಾಟಿ ಅಭ್ಯಾಸ. ಅಲ್ಲಿ ಬದಲಾಗುವುದು ಬೋರ್ಡಿನ ಅಕ್ಷರ ಮಾತ್ರ. ಇಲ್ಲಿ ಎಲ್ಲವೂ ಬದಲಾಯಿತು, ಆದರೆ ಬೋರ್ಡಿನಲ್ಲಿ ನನಗೆ ಗೊತ್ತಿರುವ ಶಬ್ದಗಳೇ ಕಾಣತೊಡಗಿದವು. ಮಲಯ ಭಾಷೆಯಲ್ಲಿ ಶಿಕ್ಷಕನಿಗೆ 'ಗುರು' ಎನ್ನುತ್ತಾರೆ. ಭಾಷೆಗೆ 'ಬಹಾಸ'. ಅಂಗಡಿಗೆ 'ಕೆಡೈ', ಅದು ತಮಿಳಿನ ಕಡೈ. ಹಡಗಿಗೆ 'ಕಾಪಲ್', ನಮ್ಮ ಮಲಯಾಳದ ಕಪ್ಪಲ್.

ಮಲಕ್ಕಾ ಎಂಬ ಹೆಸರೇ ಒಂದು ಮರದ್ದು. ಸುಮಾರು 1400ರ ಹೊತ್ತಿಗೆ ಪರಮೇಶ್ವರ ಎಂಬ ರಾಜಕುಮಾರ ನೆಲೆ ಕಳೆದುಕೊಂಡು ಈ ಹೊಳೆಯ ಬಾಯಿಗೆ ಬಂದನಂತೆ. ಒಂದು ಮರದ ಕೆಳಗೆ ಕುಳಿತಿದ್ದಾಗ ಮೊಲದಷ್ಟೇ ಗಾತ್ರದ ಪುಟ್ಟ ಜಿಂಕೆಯೊಂದು ಅವನ ಬೇಟೆನಾಯಿಯನ್ನು ಒದ್ದು ನೀರಿಗೆ ಕೆಡವಿತು. ಇಷ್ಟು ಧೈರ್ಯದ ನೆಲದಲ್ಲಿಯೇ ಊರು ಕಟ್ಟುವೆ ಎಂದು ನಿರ್ಧರಿಸಿ, ತಾನು ಒರಗಿದ್ದ ಮರದ ಹೆಸರನ್ನೇ ಅದಕ್ಕೆ ಇಟ್ಟನು. (ಹಂಪಿಯ ಮೊಲ ಮತ್ತು ನಾಯಿಯ ಕತೆ ನೆನಪಾಯಿತಲ್ಲವೇ?) ಆ ಮರ ಯಾವುದೆಂದು ಕೇಳಿದರೆ ನಗು ಬರುತ್ತದೆ. ನಮ್ಮ ನೆಲ್ಲಿ! ಸಂಸ್ಕೃತದ ಆಮಲಕವೇ ಮಲಯ ನಾಲಿಗೆಯಲ್ಲಿ ಮೆಲಕ ಆಗಿದೆ.

ಊರು ಬೆಳೆದದ್ದು ಗಾಳಿಯಿಂದ. ಅರಬ್ಬಿ, ಗುಜರಾತ್, ಕೋರಮಂಡಲದ ಹಡಗುಗಳು ಒಂದು ಗಾಳಿಗೆ ಬರುತ್ತವೆ, ಚೀನಾದ ಹಡಗುಗಳು ಅದರ ಎದುರು ಗಾಳಿಗೆ. ಮರಳಬೇಕಾದರೆ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವವರಿಗೆ ಮನೆ ಬೇಕು, ಗೋದಾಮು ಬೇಕು, ಅಡುಗೆ ಬೇಕು, ಕೊನೆಗೆ ಸಂಸಾರವೂ ಬೇಕು. 1405ರಿಂದ 1433ರವರೆಗೆ ಚೀನಾದ ಮಿಂಗ್ ಚಕ್ರವರ್ತಿಗಳ ನೌಕಾಪಡೆ ಝೆಂಗ್ ಹೆ ಎಂಬ ಮುಸ್ಲಿಂ ದಳಪತಿಯ ನೇತೃತ್ವದಲ್ಲಿ ಏಳು ಸಲ ಈ ಕಡಲಿಗೆ ಬಂತು. ಕೊಚ್ಚಿ, ಕೋಝಿಕ್ಕೋಡ್‌ಗಳಿಗೂ ಬಂದದ್ದು ಅದೇ ಪಡೆ. ಮಲಕ್ಕಾದಲ್ಲಿ ಬೇಲಿ ಹಾಕಿದ ದೊಡ್ಡ ಉಗ್ರಾಣ ಕಟ್ಟಿ, ಬೇರೆ ಬೇರೆ ಕಡೆಗೆ ಹೋದ ಹಡಗುಗಳೆಲ್ಲ ಅಲ್ಲಿ ಸೇರಿ, ತೆಂಕಣ ಗಾಳಿಗೆ ಕಾದು ಹೊರಡುತ್ತಿದ್ದವು ಎಂದು ಪಡೆಯ ದುಭಾಷಿ ಮಾ ಹುವಾನ್ ಬರೆದಿದ್ದಾನೆ. ಆ ಗಾಳಿ ಜೂನ್ ತಿಂಗಳಿನದು. ನಮ್ಮಲ್ಲಿ ಶಾಲೆ ಶುರುವಾಗುವ ದಿನ ಮಕ್ಕಳ ಕೊಡೆ ಮಗುಚುವ ಮುಂಗಾರಿನ ಗಾಳಿ.

1411ರಲ್ಲಿ ಪರಮೇಶ್ವರನೇ 540 ಜನರ ಪರಿವಾರದೊಂದಿಗೆ ಚೀನಾಕ್ಕೆ ಹೋಗಿ ಬಂದ. ಮುಂದೆ ಚೀನೀ ರಾಜಕುಮಾರಿಯೊಬ್ಬಳು ಮಲಕ್ಕಾದ ಸುಲ್ತಾನನಿಗೆ ಮದುವೆಯಾಗಿ ಬಂದಳೆಂದು ಊರಿನವರು ಹೇಳುತ್ತಾರೆ, ಅವಳ ಹೆಸರಿನ ಬಾವಿಯನ್ನೂ ತೋರಿಸುತ್ತಾರೆ. ಮಿಂಗ್ ದಾಖಲೆಗಳಲ್ಲಿ ಅಂಥ ಮದುವೆಯ ಸುದ್ದಿ ಇಲ್ಲ. ಬಾವಿ ಮಾತ್ರ ಇದೆ.

1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ಅಲ್ಬುಕರ್ಕ್ ಮರುವರ್ಷವೇ ಮಲಕ್ಕಾವನ್ನೂ ಹಿಡಿದ. ಆಗಿನ ಕಾಲದ ಪೋರ್ಚುಗೀಸ್ ಬರಹಗಾರ ತೋಮೆ ಪಿರೆಸ್ ಈ ಪೇಟೆಯಲ್ಲಿ 84 ಭಾಷೆಗಳು ಕೇಳಿಬರುತ್ತಿದ್ದವು ಎಂದು ಬರೆದ. (ಕಾಸರಗೋಡಿನವರು ಏಳು ಭಾಷೆಯ ನಾಡು ಎಂದು ಹೆಮ್ಮೆಪಡುತ್ತೇವೆ!) 1641ರಲ್ಲಿ ಡಚ್ಚರು ಬಂದರು, ಅವರ ನಂತರ ಇಂಗ್ಲಿಷರು. ಆ ಕೋಟೆ, ಕೆಂಪು ಕಟ್ಟಡ, ಇಗರ್ಜಿಗಳ ಚಿತ್ರ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬರೆಯುವುದಿಲ್ಲ. ನನ್ನ ಕಾಲು ಎಳೆದದ್ದು ಹೊಳೆಯ ಆಚೆ ದಡಕ್ಕೆ, ಚೀನೀಯರ ಬೀದಿಗಳಿಗೆ.

ಅಲ್ಲಿ ಚೆಂಗ್ ಹೂನ್ ತೆಂಗ್ ಎಂಬ ದೇವಸ್ಥಾನವಿದೆ. ಹದಿನೇಳನೆಯ ಶತಮಾನದ್ದು, ಮಲೇಷ್ಯಾದ ಅತ್ಯಂತ ಹಳೆಯ ಚೀನೀ ಗುಡಿ. ಒಳಗೆ ಕರುಣೆಯ ದೇವಿ ಕುವಾನ್ ಯಿನ್. ಮಾಡಿನ ಅಂಚಿನಲ್ಲಿ ಪಿಂಗಾಣಿ ಚೂರುಗಳನ್ನು ಜೋಡಿಸಿ ಮಾಡಿದ ಹೂ, ಹಕ್ಕಿ, ಡ್ರ್ಯಾಗನ್‌ಗಳು. ಅದು ಗುಡಿ ಮಾತ್ರವಾಗಿರಲಿಲ್ಲ, ಒಂದು ರೀತಿಯ ಕಚೇರಿಯೂ ಆಗಿತ್ತು. ಪೋರ್ಚುಗೀಸರೂ ಡಚ್ಚರೂ ಚೀನೀಯರಿಗೆ ಅವರವರಲ್ಲೇ ಒಬ್ಬ ಮುಖಂಡನನ್ನು ನೇಮಿಸುತ್ತಿದ್ದರು, ಅವನಿಗೆ ಕಪಿತಾನ್ ಎಂದು ಹೆಸರು. ಜಗಳ ತೀರ್ಮಾನ, ಬಡವರ ಶವಸಂಸ್ಕಾರ, ಹೊಸಬರಿಗೆ ಆಸರೆ ಎಲ್ಲ ಅವನ ಹೊಣೆ. ಲಿ ವೇ ಕಿಂಗ್ ಎಂಬ ಕಪಿತಾನ್ ಒಂದು ಇಡೀ ಗುಡ್ಡವನ್ನು ಕೊಂಡು ಸಮುದಾಯದ ಸ್ಮಶಾನಕ್ಕೆ ಬಿಟ್ಟುಕೊಟ್ಟ. ಅದೇ ಬುಕಿತ್ ಚೀನಾ, ಚೀನಾ ಗುಡ್ಡ. ಅಲ್ಲಿ 12 ಸಾವಿರಕ್ಕೂ ಹೆಚ್ಚು ಗೋರಿಗಳಿವೆ. 1984ರಲ್ಲಿ ಗುಡ್ಡವನ್ನು ಅಗೆದು ಕಟ್ಟಡ ಕಟ್ಟುವ ಯೋಜನೆ ಬಂದಾಗ ಜನರು ಎದ್ದು ನಿಂತು ಉಳಿಸಿಕೊಂಡರು.

ಈಗ ಹೀರೆನ್ ಬೀದಿಗೆ ಬರೋಣ. ಮುಂಭಾಗ ಒಂದು ಕೋಣೆಯಷ್ಟೇ ಅಗಲ, ಒಳಗೆ ಹೋದರೆ ಮುಗಿಯುವುದೇ ಇಲ್ಲ, ಅಷ್ಟು ಉದ್ದದ ಮನೆಗಳು. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಮ್ಮ ನಾಲ್ಕು ಸುತ್ತಿನ ಮನೆಯ ನಡು ಅಂಗಳದ ಹಾಗೆ, ಮಳೆ ನೇರವಾಗಿ ಒಳಗೆ ಬೀಳುತ್ತದೆ. ಹಿಂದೆ ಈ ಮನೆಗಳ ಹಿಂಬಾಗಿಲಿಗೆ ಸಮುದ್ರವೇ ಬಂದು ತಾಗುತ್ತಿತ್ತು, ಈಗ ಸಮುದ್ರವನ್ನು ತುಂಬಿಸಿ ನೆಲ ಮಾಡಿದ್ದಾರೆ. ಇವು ಬಾಬಾಗಳ ಮನೆಗಳು. ಆ ಕಾಲದಲ್ಲಿ ಚೀನಾದಿಂದ ಹೆಂಗಸರು ಹಡಗು ಹತ್ತುತ್ತಿದ್ದುದು ಬಹಳ ಅಪರೂಪ. ಬಂದ ಗಂಡಸರು ಇಲ್ಲಿನ ಹೆಂಗಸರನ್ನೇ ಮದುವೆಯಾದರು. ಆ ಸಂತತಿಯಲ್ಲಿ ಗಂಡಸರು ಬಾಬಾ, ಹೆಂಗಸರು ನ್ಯೋನ್ಯ. ಹಿರಿಯರ ಪೂಜೆ, ಮದುವೆಯ ಶಾಸ್ತ್ರ, ಮನೆತನದ ಹೆಸರು ಚೀನಾದ್ದು. ಉಡುಗೆ ಮಲಯದ್ದು, ಸಾರಂಗ್ ಮತ್ತು ಕೆಬಾಯ. ಅಡುಗೆಯಲ್ಲಿ ತೆಂಗಿನಹಾಲು, ಹುಣಸೆಹುಳಿ, ಬ್ಯಾಡಗಿಯಷ್ಟು ಕೆಂಪು ಮೆಣಸು. ಅತಿಥಿಗೆ ಎಲೆಯಡಿಕೆ! ಅವರ ಬೆಳ್ಳಿಯ ಎಲೆಯಡಿಕೆ ಪೆಟ್ಟಿಗೆ ನೋಡಿದಾಗ ನಮ್ಮ ಅಜ್ಜಿಯ ಹರಿವಾಣವೇ ಕಣ್ಣೆದುರು ಬಂತು.

ಭಾಷೆ? ಅದು ತಾಯಿಯ ಕಡೆಯಿಂದ ಬಂತು. ಮಲಯ ಭಾಷೆ, ನಡುನಡುವೆ ಫುಜಿಯನ್ ಪ್ರಾಂತದ ಹೊಕ್ಕಿಯನ್ ಮಾತುಗಳು. ನಾನು ಎನ್ನಲು 'ಗುವಾ', ನೀನು ಎನ್ನಲು 'ಲು', ಇವೆರಡು ಹೊಕ್ಕಿಯನ್. ಉಳಿದದ್ದು ಹೆಚ್ಚಾಗಿ ಮಲಯ.

ಒಂದು ಹಳೆಯ ಮನೆಯನ್ನು ಕಾಫಿ ಅಂಗಡಿ ಮಾಡಿದ್ದರು. ಮಾಲೀಕರಿಗೆ ಎಪ್ಪತ್ತು ದಾಟಿರಬಹುದು, ತಾನು ಆರನೆಯ ತಲೆಮಾರಿನ ಬಾಬಾ ಎಂದರು. ಬಾಗಿಲ ಮೇಲೆ ಕಪ್ಪು ಹಲಗೆ, ಅದರಲ್ಲಿ ಚಿನ್ನದ ಬಣ್ಣದ ನಾಲ್ಕು ಚೀನೀ ಅಕ್ಷರ. ಏನು ಬರೆದಿದೆ ಎಂದು ಭಾವನ ಮೂಲಕ ಕೇಳಿಸಿದೆ. ಮುದುಕರು ನಕ್ಕರು. "ನನಗೆ ಓದಲು ಬರುವುದಿಲ್ಲ. ನನ್ನ ಅಪ್ಪನಿಗೂ ಬರುತ್ತಿರಲಿಲ್ಲ" ಎಂದರು. ಸಂಕೋಚವೇನೂ ಇರಲಿಲ್ಲ. ಒಳಗೆ ಲೋಟ ತೊಳೆಯುತ್ತಿದ್ದ ಹುಡುಗಿಯನ್ನು ಕರೆದರು. ಅವಳ ಮುತ್ತಜ್ಜ ಹೈನಾನ್ ದ್ವೀಪದಿಂದ ರಬ್ಬರ್ ಕಾಲದಲ್ಲಿ ಬಂದವನಂತೆ. ಅವಳು ಕೈ ಒರೆಸಿಕೊಂಡು ಬಂದು ಒಂದೇ ಉಸಿರಿಗೆ ಓದಿದಳು: ನೂರು ಮಕ್ಕಳು, ಸಾವಿರ ಮೊಮ್ಮಕ್ಕಳು.

ಹಲಗೆ ಇವರ ಮನೆಯದು, ಓದಿದವಳು ಅವಳು. ಇದು ಹೇಗಾಯಿತು ಎಂದು ಊರಿಗೆ ಬಂದ ಮೇಲೆ ಪುಸ್ತಕ ಹುಡುಕಿ ಓದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ತವರದ ಗಣಿಗೆ, ಆಮೇಲೆ ರಬ್ಬರ್ ತೋಟಕ್ಕೆ ಚೀನಾದಿಂದ ಲಕ್ಷಗಟ್ಟಲೆ ಬಡವರು ಬಂದರು. ಇವರಿಗೆ ಸಿಂಕೆ, ಹೊಸ ಅತಿಥಿ ಎಂದು ಹೆಸರು. ಬಾಬಾಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು, ಅದರಲ್ಲಿ ನೌಕರಿ ಇತ್ತು. ಸಿಂಕೆಗಳು ಕೂಲಿಯಲ್ಲಿ ಉಳಿಸಿ, ವ್ಯಾಪಾರಿಗಳಿಂದ ಚಂದಾ ಎತ್ತಿ ಸ್ವಂತ ಶಾಲೆ ಕಟ್ಟಿದರು. ಮಲಕ್ಕಾದ ಪೇ ಫೋಂಗ್ ಶಾಲೆ 1913ರದ್ದು. ಇಲ್ಲಿ ಒಂದು ವಿಷಯ ನಮ್ಮ ಕಡೆಯವರು ಗಮನಿಸಬೇಕು. ಈ ಜನರ ಮನೆಮಾತು ಒಂದೇ ಆಗಿರಲಿಲ್ಲ. ಹೊಕ್ಕಿಯನ್, ಕ್ಯಾಂಟನೀಸ್, ಹಕ್ಕಾ, ತಿಯೋಚು, ಹೈನಾನ್ ಮಾತು ಹೀಗೆ ಹಲವು. ಶಾಲೆಯ ಭಾಷೆಯಾಗಿ ನೆಲೆಯಾದ ಮ್ಯಾಂಡರಿನ್ ಹೆಚ್ಚಿನವರ ಅಜ್ಜಿಯ ಭಾಷೆಯಲ್ಲ. ನನ್ನ ತರಗತಿಯಲ್ಲಿಯೂ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಆಡುವ ಮಕ್ಕಳೇ ಕನ್ನಡದಲ್ಲಿ ಗಣಿತ ಕಲಿಯುತ್ತಿದ್ದಾರೆ. ಶಾಲೆಯ ಭಾಷೆಯೆಂದರೆ ಮನೆಯಿಂದ ಬಂದದ್ದೇ ಆಗಬೇಕೆಂದಿಲ್ಲ. ನೆರೆಕರೆಯವರು ಸೇರಿ ಒಪ್ಪಿಕೊಂಡ ಭಾಷೆಯೂ ಆಗಬಹುದು.

ಅಚ್ಚಿನ ಸಂಗತಿಯೂ ಹೀಗೆಯೇ. ಚೀನೀ ಭಾಷೆಯ ಮೊದಲ ಆಧುನಿಕ ಮಾಸಪತ್ರಿಕೆ ಹೊರಟದ್ದು ಚೀನಾದಲ್ಲಲ್ಲ, 1815ರಲ್ಲಿ ಇದೇ ಮಲಕ್ಕಾದಲ್ಲಿ, ವಿಲಿಯಂ ಮಿಲ್ನ್ ಎಂಬ ಪಾದ್ರಿಯಿಂದ. ಚೀನಾದೊಳಗೆ ಪಾದ್ರಿಗಳಿಗೆ ಅಚ್ಚುಹಾಕಲು ಅನುಮತಿ ಇರಲಿಲ್ಲ. 1843ರಲ್ಲಿ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದಾಗ ಮಂಗಳೂರೂ ನಮ್ಮ ಕಾಸರಗೋಡೂ ಮೈಸೂರು ಸೀಮೆಗೆ ಹೊರಗಿನ, ಮದ್ರಾಸಿನ ಆಡಳಿತದ ಊರುಗಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಷ್ಟ ಶುರುವಾಯಿತು. ಬ್ರಿಟಿಷ್ ಸರ್ಕಾರದ 1952ರ ಶಿಕ್ಷಣ ಕಾನೂನು ಇಂಗ್ಲಿಷ್ ಮತ್ತು ಮಲಯ ಮಾಧ್ಯಮದ ರಾಷ್ಟ್ರೀಯ ಶಾಲೆಗಳನ್ನು ಮುಂದೆ ತಂದಿತು. ಚೀನೀ ಶಾಲೆಗಳ ಶಿಕ್ಷಕರ ಸಂಘ ಮತ್ತು ಆಡಳಿತ ಮಂಡಳಿಗಳ ಸಂಘ ಒಟ್ಟಾಗಿ ವಿರೋಧಿಸಿದವು. 1955ರ ಜನವರಿ 12ರಂದು ಮಲಕ್ಕಾದಲ್ಲಿ ಒಂದು ಮಾತುಕತೆ ನಡೆಯಿತು. ಒಂದು ಕಡೆ ಮುಂದೆ ಪ್ರಧಾನಿಯಾದ ತುಂಕು ಅಬ್ದುಲ್ ರಹಮಾನ್, ಇನ್ನೊಂದು ಕಡೆ ಶಾಲೆಗಳವರು. ಮಾತುಕತೆ ನಡೆದದ್ದು ತಾನ್ ಚೆಂಗ್ ಲೊಕ್ ಅವರ ಮನೆಯಲ್ಲಿ.

ಈ ತಾನ್ ಚೆಂಗ್ ಲೊಕ್ ಯಾರು? 1883ರಲ್ಲಿ ಮಲಕ್ಕಾದಲ್ಲಿ ಹುಟ್ಟಿದ ಬಾಬಾ. ಸಿಂಗಾಪುರದ ರಾಫಲ್ಸ್ ವಿದ್ಯಾಲಯದಲ್ಲಿ 1902ರಿಂದ 1908ರವರೆಗೆ ಶಿಕ್ಷಕರಾಗಿದ್ದರು (ನಮ್ಮವರೇ!). ಆಮೇಲೆ ರಬ್ಬರ್ ತೋಟ, ರಾಜಕೀಯ. ಅವರಿಗೆ ಮ್ಯಾಂಡರಿನ್ ಬರುತ್ತಿರಲಿಲ್ಲ. ಮಲಯ ಚೀನೀಯರ ಸಂಘದ ಅಧ್ಯಕ್ಷರಾಗಿದ್ದ ಅವರು, ತನಗೇ ಬಾರದ ಭಾಷೆಯ ಶಾಲೆಗಳಿಗಾಗಿ ಮಾತಾಡಿದರು. ಶಾಲೆಗಳವರು ಚೀನೀ ಭಾಷೆಗೆ ಆಡಳಿತ ಭಾಷೆಯ ಸ್ಥಾನ ಕೇಳುತ್ತಿದ್ದರು. ಆ ಬೇಡಿಕೆಯನ್ನು ಚುನಾವಣೆ ಮುಗಿಯುವವರೆಗೆ ಎತ್ತುವುದಿಲ್ಲವೆಂದು ಒಪ್ಪಿಕೊಂಡರು. ಶಿಕ್ಷಣ ಕಾನೂನನ್ನು ಮತ್ತೆ ಪರಿಶೀಲಿಸುತ್ತೇವೆಂದು ಆ ಕಡೆಯವರು ಮಾತು ಕೊಟ್ಟರು. ಜುಲೈಯಲ್ಲಿ ಚುನಾವಣೆ ನಡೆದು ಅವರ ಒಕ್ಕೂಟ 52ರಲ್ಲಿ 51 ಸ್ಥಾನ ಗೆದ್ದಿತು. 1957ರ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ. ಅದಕ್ಕೆ ಹತ್ತು ತಿಂಗಳು ಮೊದಲು, 1956ರ ನವೆಂಬರ್ 1ಕ್ಕೆ, ನಾವು ಕೇರಳಕ್ಕೆ ಸೇರಿದ್ದೆವು.

ಮಾತು ಪೂರ್ತಿ ಉಳಿಯಲಿಲ್ಲ. ಪ್ರಾಥಮಿಕ ಶಾಲೆಗಳು ಸರ್ಕಾರದ ವ್ಯವಸ್ಥೆಯೊಳಗೆ ಚೀನೀ ಮಾಧ್ಯಮದಲ್ಲೇ ಮುಂದುವರಿದವು. ಆದರೆ ಪ್ರೌಢಶಾಲೆಗಳು ಮಾಧ್ಯಮ ಬದಲಿಸದಿದ್ದರೆ ಅನುದಾನ ಇಲ್ಲ ಎಂದಿತು 1961ರ ಶಿಕ್ಷಣ ಕಾಯಿದೆ. ಶಿಕ್ಷಕರ ಸಂಘದ ಅಧ್ಯಕ್ಷ ಲಿಮ್ ಲಿಯಾನ್ ಗಿಯೊಕ್, ಕ್ವಾಲಾಲಂಪುರದ ಒಬ್ಬ ಶಾಲಾ ಶಿಕ್ಷಕ, ಬದಲಿಸಬೇಡಿ ಎಂದು ಊರೂರಿಗೆ ಹೇಳಿದರು. 1961ರಲ್ಲಿಯೇ ಅವರ ಶಿಕ್ಷಕ ಪರವಾನಗಿ ಹೋಯಿತು, ಪೌರತ್ವ ರದ್ದತಿಯ ನೋಟೀಸೂ ಬಂತು. ಕೋರ್ಟಿನಲ್ಲಿ ಹೋರಾಡಿ 1964ರಲ್ಲಿ ಸೋತರು. ಆಮೇಲೆ ಎರಡು ದಶಕ ಯಾವ ದೇಶದ ಪ್ರಜೆಯೂ ಅಲ್ಲದೆ ಅದೇ ದೇಶದಲ್ಲಿ ಬದುಕಿ 1985ರ ಡಿಸೆಂಬರ್ 18ರಂದು ತೀರಿಕೊಂಡರು. ಆ ದಿನವನ್ನು ಮಲೇಷ್ಯಾದ ಚೀನೀಯರು ಚೀನೀ ಶಿಕ್ಷಣ ದಿನವೆಂದು ನೆನೆಯುತ್ತಾರೆ.

ಬಹಳಷ್ಟು ಪ್ರೌಢಶಾಲೆಗಳು ಅನುದಾನಕ್ಕಾಗಿ ಮಾಧ್ಯಮ ಬದಲಿಸಿದವು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಸಂಬಳ ಕೊಡದೆ ಶಾಲೆ ನಡೆಸುವುದು ಹೇಗೆ? ಒಪ್ಪದ ಸುಮಾರು ಅರುವತ್ತು ಶಾಲೆಗಳು ಚಂದಾ ಎತ್ತಿ, ಫೀಸು ಹಾಕಿ ಸ್ವತಂತ್ರ ಶಾಲೆಗಳಾಗಿ ಉಳಿದವು. ಪೇ ಫೋಂಗ್ ಅವುಗಳಲ್ಲಿ ಒಂದು. ಇನ್ನು ಪ್ರಾಥಮಿಕ ಶಾಲೆಗಳಂತೂ ಇಂದಿಗೂ 1,300ರಷ್ಟಿವೆ, ತಮಿಳು ಮಾಧ್ಯಮದವು 500ಕ್ಕೂ ಹೆಚ್ಚು. ಚೀನೀ ಶಾಲೆಗಳಲ್ಲಿ ಮಲಯ ಮತ್ತು ಭಾರತೀಯ ಮೂಲದ ಮಕ್ಕಳೂ ಓದುತ್ತಾರೆ. ಈ ಶಾಲೆಗಳೇ ಸಂವಿಧಾನಕ್ಕೆ ವಿರುದ್ಧ ಎಂದು ಹೂಡಿದ ದಾವೆಯನ್ನು ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು, ಮೇಲ್ಮನವಿ ನ್ಯಾಯಾಲಯವೂ 2023ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಹೀರೆನ್ ಬೀದಿಯ ಹೆಸರು ಈಗ ತುನ್ ತಾನ್ ಚೆಂಗ್ ಲೊಕ್ ರಸ್ತೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಏಳನೆಯ ತರಗತಿಗೆ ಮಲಕ್ಕಾದ ಫೋಟೋಗಳನ್ನು ತೋರಿಸಿದೆ. ಬಾಗಿಲ ಮೇಲಿನ ಹಲಗೆಯ ಕತೆ ಹೇಳಿದಾಗ ಮಕ್ಕಳು, ಸ್ವಂತ ಮನೆಯ ಬೋರ್ಡು ಓದಲು ಬಾರದ ಅಜ್ಜ ಎಂದು ಜೋರಾಗಿ ನಕ್ಕರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತು, "ಮಾಷ್ಟ್ರೇ, ನಮ್ಮ ಅಟ್ಟದಲ್ಲಿಯೂ ಒಂದು ಓಲೆಗರಿಯ ಕಟ್ಟು ಉಂಟು. ನಮ್ಮ ಅಜ್ಜನಿಗೂ ಓದ್ಲಿಕ್ಕೆ ಬರುದಿಲ್ಲ" ಎಂದ.

ಆ ಭಾನುವಾರ ಅವನ ಮನೆಗೆ ಹೋದೆ. ಅಜ್ಜ ಕಟ್ಟನ್ನು ಬಟ್ಟೆಯಿಂದ ಬಿಚ್ಚಿ ಚಾವಡಿಯ ಮಣೆಯ ಮೇಲೆ ಇಟ್ಟರು. ಅಂಚುಗಳನ್ನು ಗೆದ್ದಲು ತಿಂದಿದೆ. ತಿಗಳಾರಿ ಲಿಪಿ. ಅಲ್ಲೊಂದು ಇಲ್ಲೊಂದು ಅಕ್ಷರ ಮಲಯಾಳದ ಹಾಗೆ ಕಂಡಿತು, ಒಂದು ಸಾಲು ಕೂಡ ಕೂಡಿಸಿ ಓದಲು ನನ್ನಿಂದ ಆಗಲಿಲ್ಲ. ಗರಿಗಳ ಫೋಟೋ ತೆಗೆದುಕೊಂಡು ಬಂದಿದ್ದೇನೆ.