ಬಂಜೆತನ ಚಿಕಿತ್ಸೆ: ಹುಮನಾಬಾದಿನವರಿಗೆ ಹೈದರಾಬಾದೇ ‘ಫಾರಿನ್’

ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ಮಕ್ಕಳಾಗದ ದಂಪತಿಗೆ ಬಸವಕಲ್ಯಾಣ, ಹುಮನಾಬಾದ್ ಕಡೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ: ‘ಹೈದರಾಬಾದಿಗಿ ಹೋಗಿ ತೋರಿಸ್ರಿ’, ಇಲ್ಲಾ ‘ಸೋಲಾಪುರದಾಗ ಛಲೋ ದವಾಖಾನಿ ಅವ’. ಪುಣೆ–ಹೈದರಾಬಾದ್ ಹೆದ್ದಾರಿ ಮನೆ ಹತ್ತಿರವೇ ಇದೆ, ಬೆಂಗಳೂರು ಮಾತ್ರ ಏಳುನೂರು ಕಿ.ಮೀ. ಸಮೀಪ. ಹಾಗಾಗಿ ಬೀದರ್ ಜಿಲ್ಲೆಯ ಜನ ಚಿಕಿತ್ಸೆಗಾಗಿ ದಾಟುವ ಮೊದಲ ಗಡಿ ದೇಶದ್ದಲ್ಲ, ರಾಜ್ಯದ್ದು. ಈ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತೆ, ಆ ಖರ್ಚನ್ನು ಯಾರು ಕೊಡಲ್ಲ, ಗಡಿ ದಾಟಿದರೆ ಏನಾಗುತ್ತೆ? ನೋಡೋಣ.

ಬಂಜೆತನ ಅಂದರೆ ಏನು?

ಗರ್ಭನಿರೋಧಕ ಬಳಸದೆ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದನ್ನು ಎದುರಿಸುತ್ತಾರೆ. ‘ಬಂಜೆ’ ಅನ್ನುವ ಬೈಗುಳ ಬೀಳೋದು ಹೆಣ್ಣಿನ ಮೇಲೆ, ಆದರೆ ಕಾರಣ ಗಂಡಿನಲ್ಲೂ ಅಷ್ಟೇ ಸಹಜವಾಗಿ ಇರುತ್ತದೆ. ವೀರ್ಯ ಪರೀಕ್ಷೆ ಅತ್ಯಂತ ಅಗ್ಗದ, ಸರಳ ಪರೀಕ್ಷೆ. ಆದರೂ ಎಷ್ಟೋ ಮನೆಗಳಲ್ಲಿ ಅದು ಕೊನೆಗೆ ನಡೆಯುತ್ತೆ.

ಇನ್ನೊಂದು ಮಾತು. ಕ್ಷಯ (ಟಿಬಿ) ಶ್ವಾಸಕೋಶಕ್ಕಷ್ಟೇ ಬರುವ ಕಾಯಿಲೆಯಲ್ಲ. ಅದು ಗರ್ಭನಾಳಕ್ಕೂ ತಗುಲಿ ನಾಳ ಮುಚ್ಚಿಬಿಡಬಹುದು. ನಮ್ಮ ದೇಶದಲ್ಲಿ ಬಂಜೆತನಕ್ಕೆ ಇದೂ ಒಂದು ಮುಖ್ಯ ಕಾರಣ. ಅಂದರೆ ಬಂಜೆತನ ಶ್ರೀಮಂತರ ಕಾಯಿಲೆಯಲ್ಲ. ಬಡವರ ಕಾಯಿಲೆಗಳೇ ಅದಕ್ಕೆ ದಾರಿ ಮಾಡಿಕೊಡುತ್ತವೆ.

ಖರ್ಚು ಎಷ್ಟು?

ಎಲ್ಲರಿಗೂ ಐವಿಎಫ್ (ಪ್ರನಾಳ ಶಿಶು ವಿಧಾನ) ಬೇಕಾಗಲ್ಲ. ಕೆಲವರಿಗೆ ಮಾತ್ರೆ ಸಾಕು. ಇನ್ನು ಕೆಲವರಿಗೆ ಸಂಸ್ಕರಿಸಿದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐಯುಐ ಸಾಕಾಗುತ್ತದೆ. ಐವಿಎಫ್‌ಗೆ ಬಂದಾಗ ಲೆಕ್ಕವೇ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದರ ಪ್ರಕಾರ, ಒಂದು ಸುತ್ತಿಗೆ ದಂಪತಿ ಕೈಯಿಂದ ಹಾಕುವ ಹಣ ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು 1.1 ಲಕ್ಷ ರೂ., ಖಾಸಗಿಯಲ್ಲಿ ಸುಮಾರು 2.3 ಲಕ್ಷ ರೂ.

ಇದನ್ನು ಕೂಲಿಗೆ ಅಳೆಯೋಣ. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂ. ಖಾಸಗಿಯ ಒಂದು ಸುತ್ತು ಅಂದರೆ 620 ದಿನದ ಕೂಲಿ. ವರ್ಷಕ್ಕೆ ನೂರು ದಿನ ಕೆಲಸ ಅಂತಿಟ್ಟುಕೊಂಡರೆ ಆರು ವರ್ಷದ ದುಡಿಮೆ, ಒಂದು ಪೈಸೆಯೂ ತಿನ್ನದೆ! ಅಷ್ಟು ಹಾಕಿದರೂ ಮೊದಲ ಸುತ್ತಿನಲ್ಲೇ ಗರ್ಭ ನಿಲ್ಲುತ್ತೆ ಅನ್ನೋ ಖಾತ್ರಿಯಿಲ್ಲ. ಮಹಿಳೆಯ ವಯಸ್ಸು ಏರಿದಂತೆ ಯಶಸ್ಸಿನ ಸಾಧ್ಯತೆ ಇಳಿಯುತ್ತದೆ.

ಬಿಲ್‌ನಲ್ಲಿ ಕಾಣದ ಖರ್ಚೂ ಇದೆ. ಸುಮಾರು ಹತ್ತು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್, ಅಂಡಾಣು ಹೊರತೆಗೆಯುವುದು, ಕೆಲ ದಿನದ ನಂತರ ಭ್ರೂಣ ಸೇರಿಸುವುದು, ಎರಡು ವಾರಕ್ಕೆ ರಕ್ತಪರೀಕ್ಷೆ. ಹೈದರಾಬಾದಿನವರಿಗೆ ಇದು ಆಟೋ ಪ್ರಯಾಣ. ಹುಮನಾಬಾದಿನವರಿಗೆ ಪ್ರತಿ ಸಲವೂ ಸುಮಾರು 150 ಕಿ.ಮೀ. ಪ್ರಯಾಣ, ಇಲ್ಲವೇ ರೂಮು ಬಾಡಿಗೆ. ಇಬ್ಬರ ಕೂಲಿಯೂ ಹೋಯ್ತು.

ಕಾರ್ಡ್ ಇದ್ದರೂ ಯಾಕೆ ಉಪಯೋಗವಿಲ್ಲ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಆದರೆ ಆಯುಷ್ಮಾನ್ ಭಾರತ್ ನಿಯಮಗಳು ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಖಾಸಗಿ ಆರೋಗ್ಯ ವಿಮೆಯಲ್ಲೂ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಇದಿದೆ.

ವಿಚಿತ್ರ ಏನಂದ್ರೆ, ಕೇಂದ್ರ ಸರ್ಕಾರಿ ನೌಕರರಿಗೆ 2011ರ ಆದೇಶದಂತೆ ಐವಿಎಫ್ ಸುತ್ತಿಗೆ 65,000 ರೂ.ನಂತೆ ಮೂರು ಸುತ್ತಿನವರೆಗೆ ಹಣ ಮರುಪಾವತಿಯಾಗುತ್ತದೆ. ಅಂದರೆ ಇದು ವೈದ್ಯಕೀಯ ಅಗತ್ಯ ಅಂತ ಸರ್ಕಾರ ಒಪ್ಪಿದೆ. ಆದರೆ ತನ್ನ ನೌಕರರಿಗೆ ಮಾತ್ರ!

ಗಡಿಯಾಚೆ ಏನಿದೆ?

ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಶುರುವಾಯಿತು. ಅದೇ ವರ್ಷ ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ ತೆಲಂಗಾಣ ಸರ್ಕಾರದ ಐವಿಎಫ್ ಕೇಂದ್ರ ಉದ್ಘಾಟನೆಯಾಯಿತು. ಅಂದರೆ ನೆರೆಯವರಿಗೆ ಆದದ್ದು ನಮಗೆ ಅಸಾಧ್ಯವೇನಲ್ಲ.

ಇದೇ ನಗರದಲ್ಲಿ ಅಪಾಯವೂ ಇದೆ. 2025ರ ಜುಲೈನಲ್ಲಿ ಸಿಕಂದರಾಬಾದಿನ ಖಾಸಗಿ ಕೇಂದ್ರವೊಂದರ ಪ್ರಕರಣ ಬಯಲಾಯಿತು. ಪೊಲೀಸರ ಪ್ರಕಾರ, ಬಾಡಿಗೆ ತಾಯ್ತನದ ಹೆಸರಲ್ಲಿ ದಂಪತಿಯಿಂದ ಲಕ್ಷಾಂತರ ರೂಪಾಯಿ ಪಡೆದು ಬೇರೆಯವರ ಮಗುವನ್ನು ಕೈಗೆ ಕೊಡಲಾಗಿತ್ತು. ಡಿಎನ್‌ಎ ಪರೀಕ್ಷೆಯಿಂದ ಸತ್ಯ ಹೊರಬಿತ್ತು.

ನಿಜವಾದ ವಿದೇಶದ ಕಥೆ?

ಅಮೆರಿಕದಲ್ಲಿ ಒಂದು ಸುತ್ತಿಗೆ 15,000 ಡಾಲರ್ ದಾಟುವುದು ಸಾಮಾನ್ಯ. ಅದಕ್ಕೇ ವಿದೇಶಿಯರೂ ಅನಿವಾಸಿ ಭಾರತೀಯರೂ ಅಗ್ಗ ಅಂತ ಭಾರತಕ್ಕೆ ಬರುತ್ತಾರೆ. ಅವರಿಗೆ ಅಗ್ಗವಾದದ್ದೇ ನಮ್ಮವರಿಗೆ ಹೊಲ ಮಾರುವಷ್ಟು ದುಬಾರಿ. ಇಲ್ಲಿಂದ ಹೊರಗೆ ಹೋಗುವವರದ್ದು ಬೇರೆ ಕಾರಣ: 2021ರ ಕಾಯ್ದೆ ಹಣ ಕೊಟ್ಟು ಮಾಡಿಸುವ ಬಾಡಿಗೆ ತಾಯ್ತನವನ್ನು ನಿಷೇಧಿಸಿದೆ, ಒಂಟಿ ಪುರುಷರಿಗೂ ಸಲಿಂಗ ಜೋಡಿಗಳಿಗೂ ಅವಕಾಶ ಕೊಟ್ಟಿಲ್ಲ. ಗಡಿ ದಾಟಿ ಹುಟ್ಟಿದ ಮಗುವಿನ ಪೌರತ್ವ, ಪಾಸ್‌ಪೋರ್ಟ್ ಪ್ರಶ್ನೆಗಳೂ ಸಣ್ಣವಲ್ಲ. 2008ರಲ್ಲಿ ಜಪಾನಿ ದಂಪತಿಗಾಗಿ ಗುಜರಾತಿನಲ್ಲಿ ಹುಟ್ಟಿದ ಮಗು ‘ಬೇಬಿ ಮಾಂಜಿ’, ಹುಟ್ಟುವ ಮುಂಚೆಯೇ ಅವರ ವಿಚ್ಛೇದನವಾಗಿ ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಕೊಂಡಿತ್ತು.

ಕ್ಲಿನಿಕ್‌ನಲ್ಲಿ ಏನು ಕೇಳಬೇಕು?

2022ರ ಜನವರಿಯಲ್ಲಿ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಪ್ರಕಾರ:

- ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ. ಪ್ರಮಾಣಪತ್ರ ತೋರಿಸಿ ಅಂತ ಕೇಳಿ.
- ಖರ್ಚು, ಯಶಸ್ಸಿನ ಸಾಧ್ಯತೆ, ಅಡ್ಡಪರಿಣಾಮಗಳನ್ನು ಮೊದಲೇ ವಿವರಿಸಬೇಕು. ಲಿಖಿತ ಒಪ್ಪಿಗೆ ಕಡ್ಡಾಯ.
- ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿ. ಒಂಟಿ ಮಹಿಳೆಗೂ ಅವಕಾಶವಿದೆ.
- ಅಂಡಾಣು, ವೀರ್ಯ ಮಾರುವುದು, ಭ್ರೂಣದ ಲಿಂಗ ಆಯ್ಕೆ ಅಪರಾಧ.
- ಪ್ರತಿ ಕ್ಲಿನಿಕ್‌ನಲ್ಲೂ ದೂರು ಕೋಶ ಇರಬೇಕು.

ಏನಾಗಬೇಕು?

ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ, ಪ್ರಾದೇಶಿಕ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂ. ಘೋಷಣೆಯಾಗಿದೆ. ಬೀದರ್, ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇವೆರಡರಲ್ಲಿ ಒಂದರಲ್ಲಾದರೂ ಉಚಿತ ಐವಿಎಫ್ ಕೇಂದ್ರ, ಅಲ್ಲಿವರೆಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಬ್ಬರಿಗೂ ಮೊದಲ ಹಂತದ ಪರೀಕ್ಷೆ, ಆರೋಗ್ಯ ಕಾರ್ಡಿನಲ್ಲಿ ಒಂದೆರಡು ಸುತ್ತಿನ ವೆಚ್ಚ: ಇದು ಅತಿಯಾಸೆಯೇನಲ್ಲ. ಎಷ್ಟು ಮಕ್ಕಳು ಸಾಕು ಅಂತ ಬಡವರಿಗೆ ದಶಕಗಳಿಂದ ಹೇಳುತ್ತಾ ಬಂದ ಸರ್ಕಾರ, ಮಗು ಬೇಕು ಅನ್ನುವವರ ಮಾತನ್ನೂ ಕೇಳಿಸಿಕೊಳ್ಳಬೇಕು. ಮುಂದಿನ ಸಲ ಮತ ಕೇಳಲು ಬಂದವರಿಗೆ ಇದನ್ನೂ ಕೇಳಿ.