ಗಮಕ

ಶಿವಮೊಗ್ಗ, ಭದ್ರಾವತಿ ಕಡೆ ಯಾರಾದರೂ ‘ಸಂಜೆ ಗಮಕ ಇದೆ’ ಎಂದರೆ ಕುಮಾರವ್ಯಾಸ ಭಾರತದ್ದೋ ಜೈಮಿನಿ ಭಾರತದ್ದೋ ವಾಚನ ಇದೆ ಎಂದರ್ಥ. ಸಂಗೀತ ಪಾಠದ ಮನೆಯಲ್ಲಿ ಇದೇ ಪದಕ್ಕೆ ಬೇರೆ ಅರ್ಥ: ಅಲ್ಲಿ ಗಮಕವೆಂದರೆ ಸ್ವರದ ಕಂಪನ, ಓಲಾಟ. ಶಾರ್ಙ್ಗದೇವನ ‘ಸಂಗೀತರತ್ನಾಕರ’ ಅಂಥ 15 ಬಗೆಗಳನ್ನು ಹೇಳುತ್ತದೆ.

ಪದದ ಮೂಲ ಸಂಸ್ಕೃತದ ‘ಗಮ್’ ಧಾತು; ಹೋಗು ಎಂದರ್ಥ. ‘ಗಮಕ’ ಎಂದರೆ ಮುಟ್ಟಿಸುವುದು, ತಿಳಿಯುವಂತೆ ಮಾಡುವುದು. ಕಾವ್ಯದ ಅರ್ಥವನ್ನು ಕೇಳುಗನ ಮನಸ್ಸಿಗೆ ಮುಟ್ಟಿಸುವವನೇ ಗಮಕಿ. ಕವಿ, ಗಮಕಿ, ವಾದಿ, ವಾಗ್ಮಿ ಎಂದು ಹಳಬರು ಅವನನ್ನು ಕವಿಯ ಪಕ್ಕದಲ್ಲೇ ಕೂರಿಸಿದ್ದರು. ಅದು ಸರಿಯಾದ ಜಾಗ.

ಗಮಕಿ ಹಾಡುಗಾರನಲ್ಲ. ರಾಗವಿದೆ, ತಾಳದ ಕಟ್ಟಿಲ್ಲ. ಯುದ್ಧಕ್ಕೊಂದು ರಾಗ, ಶೋಕಕ್ಕೊಂದು. ಷಟ್ಪದಿಯಲ್ಲಿ ಪದಗಳು ಸಾಲಿನಿಂದ ಸಾಲಿಗೆ ಹರಿಯುತ್ತವೆ. ಎಲ್ಲಿ ಬಿಡಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದೇ ಅವನ ವಿದ್ಯೆ. ತಪ್ಪು ಕಡೆ ನಿಲ್ಲಿಸಿದರೆ ರಾಗ ಎಷ್ಟು ಇಂಪಾಗಿದ್ದರೂ ಅರ್ಥ ಕೆಡುತ್ತದೆ. ವಾಚನದ ಜೊತೆ ವ್ಯಾಖ್ಯಾನಕಾರರು ಕುಳಿತು ಪದ್ಯ ಬಿಡಿಸಿ ಹೇಳುತ್ತಾರೆ. ಅಕ್ಷರ ಬಾರದವರಿಗೂ ಕನ್ನಡದ ಮಹಾಕಾವ್ಯ ದಕ್ಕಿದ್ದು ಹೀಗೆ.

ಶಿವಮೊಗ್ಗದ ಪಕ್ಕದಲ್ಲಿ, ತುಂಗೆಯ ದಡದ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಿಮ್ಮೂರಿನಲ್ಲಿ ಗಮಕವಿದ್ದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಕೂರಿ.