ಎಣ್ಣೆ ಬಾಟಲಿಗೆ ಅಂಟಿದ ಇತಿಹಾಸ

ಭಾಗ 1/7 : ಐನೂರು ಲೇಬಲ್ ಹಾಳಾಗಿದ್ದು

ಮೊದಲನೇ ಫೋಟೋದಲ್ಲಿ ಎಣ್ಣೆ ಕುಡಿದು ಮೆತ್ತಗಾಗಿರೋ ಲೇಬಲ್ ಕಾಣ್ತಿದೆಯಲ್ಲ, ಅದನ್ನ ಡಿಸೈನ್ ಮಾಡಿದ್ದು ನಾನೇ. ನಗಬೇಡಿ, ಪೂರ್ತಿ ಓದಿ.

ನಮ್ಮ ಚಿಕ್ಕಮ್ಮ ಶಿವಾರಪಟ್ಟಣದಲ್ಲಿ ಗಾಣ ಇಟ್ಟಿದ್ದಾರೆ. ಊರವರು ತಾವೇ ಕಡಲೆಕಾಯಿ ಬೀಜ ತಂದು ಎಣ್ಣೆ ಆಡಿಸಿಕೊಂಡು ಹೋಗ್ತಾರೆ. ಈ ವರ್ಷ ಚೀಟಿ ಎತ್ತಿದ ದುಡ್ಡಲ್ಲಿ ತಾವೇ ಬೀಜ ಕೊಂಡು, ಎಣ್ಣೆ ತೆಗೆದು, ಬಾಟಲಿಗೆ ತುಂಬಿ ಮಾಲೂರಿನ ಅಂಗಡಿಗಳಿಗೆ ಹಾಕೋಣ ಅಂದ್ರು. "ನೀನು ಬಿಕಾಂ ಓದ್ತಿದ್ದೀಯಲ್ಲ, ಲೇಬಲ್ ನೀನೇ ಮಾಡಿಸ್ಕೊಂಡು ಬಾ" ಅಂತ ಕೆಲಸ ನನಗೆ ಬಿತ್ತು.

ಬೆಂಗಳೂರಿನ ಸೂಪರ್‌ಮಾರ್ಕೆಟ್ಟಲ್ಲಿ ನೋಡಿದ್ದ ಆಲಿವ್ ಎಣ್ಣೆ ಬಾಟಲಿ ನೆನಪಾಯ್ತು. ಕ್ರೀಮ್ ಬಣ್ಣದ ಕಾಗದ, ಒಂದು ಕೊಂಬೆಯ ಚಿತ್ರ, ಪುಟ್ಟ ಅಕ್ಷರ. ಕೊಂಬೆ ತೆಗೆದು ಕಡಲೆಕಾಯಿ ಹಾಕಿದೆ, "ಶುದ್ಧ, ನೈಸರ್ಗಿಕ, ಅಜ್ಜಿಯ ಕಾಲದ ರುಚಿ" ಅಂತ ಬರೆದೆ. ಐನೂರು ಪ್ರಿಂಟ್ ಹಾಕಿಸಿದೆ, ಅದೂ ಸಾದಾ ಕಾಗದದ ಸ್ಟಿಕ್ಕರ್ ಮೇಲೆ, ಲ್ಯಾಮಿನೇಷನ್ ಬೇಡ ಅಂತ ಹೇಳಿ. ದುಡ್ಡು ಉಳಿಸೋ ಬುದ್ಧಿವಂತಿಕೆ.

ಎರಡೇ ದಿನಕ್ಕೆ ಕಾಗದ ಎಣ್ಣೆ ಕುಡೀತು. ಅದಕ್ಕಿಂತ ದೊಡ್ಡ ಪೆಟ್ಟು ಅಂಗಡಿಯಲ್ಲಿ ಬಿತ್ತು. ಅಂಗಡಿಯವರು ಬಾಟಲಿ ತಿರುಗಿಸಿ ನೋಡಿ, "ಪ್ಯಾಕ್ ಮಾಡಿದ್ದು ಯಾವಾಗ? ಬ್ಯಾಚ್ ನಂಬರ್ ಎಲ್ಲಪ್ಪಾ? ಗಿರಾಕಿ ಕಂಪ್ಲೇಂಟ್ ಮಾಡಬೇಕು ಅಂದ್ರೆ ಯಾರಿಗೆ ಫೋನ್ ಮಾಡ್ಬೇಕು?" ಅಂದ್ರು. ಬಾಟಲಿಗಳು ವಾಪಸ್. ಚಿಕ್ಕಮ್ಮ ಬೈದಿದ್ರೂ ಸಮಾಧಾನ ಆಗ್ತಿತ್ತು. ಸುಮ್ಮನೆ ಕೂತು ಬಾಟಲಿ ಒರೆಸಿದ್ರು.

ಅವತ್ತು ರಾತ್ರಿ ಒಂದು ಪ್ರಶ್ನೆ ಹಿಡ್ಕೊಂಡು ಕೂತೆ. ಲೇಬಲ್ ಮೇಲೆ ಇಷ್ಟೊಂದು ಸಾಲು ಯಾಕಿದೆ? ಒಂದೊಂದನ್ನೂ ಯಾರು, ಯಾವಾಗ ಸೇರಿಸಿದ್ರು?

ಭಾಗ 2/7 : ಲೇಬಲ್ ಬೇಡವಾಗಿದ್ದ ಕಾಲ

ನಮ್ಮ ನಾಡಿನ ಹಳೇ ಶಾಸನಗಳಲ್ಲಿ "ಗಾಣದೆರೆ" ಅನ್ನೋ ಪದ ಬರುತ್ತೆ. ಗಾಣದ ಮೇಲಿನ ತೆರಿಗೆ. ಗುಡಿಯ ನಂದಾದೀವಿಗೆಗೆ ಒಂದೊಂದು ಗಾಣದಿಂದ ಇಷ್ಟಿಷ್ಟು ಎಣ್ಣೆ ಕೊಡಬೇಕು ಅಂತಲೂ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಸೊಲಿಗೆ ಅನ್ನೋದು ಆಗಿನ ಒಂದು ಅಳತೆ. ಅಂದ್ರೆ ಎಣ್ಣೆಯ ಲೆಕ್ಕ ಆಗಲೂ ಬರಹದಲ್ಲಿತ್ತು, ಆದರೆ ಕಲ್ಲಿನ ಮೇಲೆ. ಕೊಳ್ಳೋರ ಪಾತ್ರೆ ಮೇಲೆ ಏನೂ ಬರೀತಿರಲಿಲ್ಲ.

ಯಾಕೆ ಬರೀಬೇಕು? ಗಾಣದವರ ಮನೆ ಎಲ್ಲರಿಗೂ ಗೊತ್ತು. ಎಣ್ಣೆ ಕಮಟು ಬಂದ್ರೆ ಮಾರನೇ ದಿನ ಅವರ ಬಾಗಿಲಿಗೇ ಹೋಗಿ ಕೇಳಬಹುದು. ಮುಖವೇ ಲೇಬಲ್. ಎಣ್ಣೆ ಊರು ದಾಟಿ ದೂರ ಹೋದಾಗ ಮಾತ್ರ ಈ ವ್ಯವಸ್ಥೆ ಕೈಕೊಡುತ್ತೆ. ತುಂಬಾ ದೂರ ಹೋದ ಎಣ್ಣೆ ಯಾವುದು ಗೊತ್ತಾ? ನಾನು ಕಾಪಿ ಹೊಡೆದೆನಲ್ಲ, ಅದೇ ಆಲಿವ್ ಎಣ್ಣೆ.

ಭಾಗ 3/7 : ಜಾಡಿಗಳ ಗುಡ್ಡ

ರೋಮ್ ನಗರದಲ್ಲಿ ಮೊಂಟೆ ಟೆಸ್ಟಾಚೊ ಅಂತ ಒಂದು ಗುಡ್ಡ ಇದೆ. ಸುಮಾರು 35 ಮೀಟರ್ ಎತ್ತರ. ಇಡೀ ಗುಡ್ಡ ಒಡೆದ ಮಣ್ಣಿನ ಜಾಡಿಗಳದ್ದು! 5 ಕೋಟಿಗೂ ಹೆಚ್ಚು ಜಾಡಿಗಳ ಚೂರು ಅಲ್ಲಿದೆ ಅಂತ ಅಂದಾಜು. ಹೆಚ್ಚಿನವು ಈಗಿನ ದಕ್ಷಿಣ ಸ್ಪೇನಿನಿಂದ ಆಲಿವ್ ಎಣ್ಣೆ ಹೊತ್ತು ಬಂದವು. ಒಂದು ಜಾಡಿಯೇ ಸುಮಾರು 30 ಕೆಜಿ, ಅದರೊಳಗೆ ಸುಮಾರು 70 ಕೆಜಿ ಎಣ್ಣೆ. ಎಣ್ಣೆ ಇಳಿಸಿದ ಮೇಲೆ ಜಾಡಿಯನ್ನ ಮತ್ತೆ ಬಳಸೋಕಾಗಲ್ಲ, ಕಮಟು ವಾಸನೆ ಹಿಡಿದಿರುತ್ತೆ. ಒಡೆದು ಅಲ್ಲೇ ಸುರಿದ್ರು.

ಚೂರುಗಳ ಮೇಲೆ ಕುಂಚದಲ್ಲಿ ಬರೆದ ಅಕ್ಷರ ಇನ್ನೂ ಕಾಣುತ್ತೆ. ಏನು ಬರೆದಿದ್ದಾರೆ ನೋಡಿ: ಖಾಲಿ ಜಾಡಿಯ ತೂಕ, ಒಳಗಿನ ಎಣ್ಣೆಯ ತೂಕ, ವ್ಯಾಪಾರಿಯ ಹೆಸರು, ತೂಕ ಪರೀಕ್ಷೆ ಆದ ಊರು, ವರ್ಷ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನಿವ್ವಳ ತೂಕ, ತಯಾರಕರ ವಿಳಾಸ, ಪ್ಯಾಕಿಂಗ್ ದಿನಾಂಕ.

ಹೆಚ್ಚುಕಡಿಮೆ 1,800 ವರ್ಷದ ಹಿಂದಿನ ಹಡಗಿನ ವ್ಯಾಪಾರಿ ಬರೆದಿದ್ದನ್ನ ಬಿಕಾಂ ಓದೋ ನಾನು ಬಿಟ್ಟಿದ್ದೆ. "ಅಜ್ಜಿಯ ಕಾಲದ ರುಚಿ" ಅಂತ ಮಾತ್ರ ಅವರು ಎಲ್ಲೂ ಬರೆದಿಲ್ಲ.

ಭಾಗ 4/7 : ಕಲ್ಲಿಂದ ಬಂದ ಅಚ್ಚು

ಕೈಯಲ್ಲಿ ಬರೆಯೋದು ಬಿಟ್ಟು ಸಾವಿರಾರು ಬಣ್ಣದ ಲೇಬಲ್ ಒಂದೇ ಥರ ಬರೋಕೆ ಶುರುವಾಗಿದ್ದು ಕಲ್ಲಿಂದ. ಶಿವಾರಪಟ್ಟಣದವನಾಗಿ ಇದು ಗೊತ್ತಾದಾಗ ಮೈ ಜುಂ ಅಂತು. ನಮ್ಮೂರಲ್ಲಿ ಬೆಳಗಾದ್ರೆ ಉಳಿ ಸುತ್ತಿಗೆ ಸದ್ದು, ಬೀದಿ ತುಂಬಾ ಅರ್ಧ ಕೆತ್ತಿದ ದೇವರುಗಳು.

1790ರ ದಶಕ, ಜರ್ಮನಿಯ ಬವೇರಿಯಾ. ಅಲೋಯಿಸ್ ಸೆನೆಫೆಲ್ಡರ್ ಅನ್ನೋ ನಾಟಕಕಾರನಿಗೆ ತನ್ನ ನಾಟಕ ಅಚ್ಚು ಹಾಕಿಸೋಕೆ ದುಡ್ಡಿಲ್ಲ. 1796ರಲ್ಲಿ ಒಂದು ದಿನ ಕಾಗದ ಸಿಗದೆ, ಬಟ್ಟೆ ಒಗೆಯೋರಿಗೆ ಕೊಟ್ಟ ಬಟ್ಟೆಗಳ ಲೆಕ್ಕವನ್ನ ಜಿಡ್ಡಿನ ಮಸಿಯಲ್ಲಿ ಸುಣ್ಣದ ಕಲ್ಲಿನ ಮೇಲೆ ಬರೆದನಂತೆ. ಅಲ್ಲಿಂದ ಶುರುವಾದ ಪ್ರಯೋಗವೇ ಲಿಥೋಗ್ರಫಿ. ಕನ್ನಡದಲ್ಲಿ ಕಲ್ಲಚ್ಚು.

ನಮ್ಮ ಶಿಲ್ಪಿಗಳ ಥರ ಇಲ್ಲಿ ಕಲ್ಲು ಕೆತ್ತಲ್ಲ. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೀತಾರೆ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಆಮೇಲೆ ಕಲ್ಲಿಗೆ ನೀರು ಸವರ್ತಾರೆ. ಜಿಡ್ಡಿರೋ ಜಾಗ ನೀರು ಹಿಡಿಯಲ್ಲ, ಒದ್ದೆ ಜಾಗ ಎಣ್ಣೆ ಮಸಿ ಹಿಡಿಯಲ್ಲ. ಮಸಿ ಉರುಳಿಸಿದ್ರೆ ಚಿತ್ರಕ್ಕೆ ಮಾತ್ರ ಅಂಟುತ್ತೆ. ಕಾಗದ ಒತ್ತಿದ್ರೆ ಮುಗೀತು. ಎಣ್ಣೆ ನೀರು ಸೇರಲ್ಲ ಅನ್ನೋ ಅಡುಗೆಮನೆ ಸತ್ಯ, ಅಷ್ಟೇ. ಇವತ್ತಿನ ಆಫ್‌ಸೆಟ್ ಮೆಷಿನ್ ಕೂಡ ಇದೇ ನಿಯಮದ ಮೇಲೆ ನಡೆಯುತ್ತೆ. ಕಲ್ಲಿನ ಜಾಗಕ್ಕೆ ಲೋಹದ ಪ್ಲೇಟು ಬಂದಿದೆ.

ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದಿದ್ದೂ ಕಲ್ಲಚ್ಚಿನಲ್ಲೇ. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಆಮೇಲೆ ಬಣ್ಣಕ್ಕೊಂದು ಕಲ್ಲು ಇಟ್ಟು ಬಣ್ಣದ ಕಲ್ಲಚ್ಚು ಬಂತು. 1894ರಲ್ಲಿ ಬೊಂಬಾಯಿಯಲ್ಲಿ ಶುರುವಾದ ರಾಜಾ ರವಿವರ್ಮರ ಪ್ರೆಸ್ಸಿನಿಂದ ಲಕ್ಷ್ಮಿ, ಸರಸ್ವತಿ ಮನೆಮನೆಯ ಗೋಡೆಗೆ ಬಂದ್ರು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಭಾರತಕ್ಕೆ ಕಳಿಸೋ ಬಟ್ಟೆ ಥಾನುಗಳ ಮೇಲೆ ನಮ್ಮ ದೇವರ ಚಿತ್ರದ ಬಣ್ಣದ ಲೇಬಲ್ ಅಂಟಿಸ್ತಿದ್ರು. ಓದೋಕೆ ಬರದೋರೂ ಚಿತ್ರ ನೋಡಿ ಅದೇ ಮಾಲು ಕೇಳಲಿ ಅಂತ.

ಭಾಗ 5/7 : ಮೈಸೂರು ಹೆಸರು ಹಾಕಿಕೊಂಡಿದ್ದು

ನಮ್ಮ ಅಜ್ಜಿಗೆ ಓದೋಕೆ ಬರಲ್ಲ. ಆದರೆ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಸೋಪನ್ನ ಕಣ್ಣು ಹಾಯಿಸಿದ ಕೂಡಲೇ ಹಿಡೀತಾರೆ. "ಆನೆ ಮುಖದ್ದು ಕೊಡಪ್ಪಾ" ಅಂತಾರೆ. ಅದು ಶರಭ: ಆನೆ ತಲೆ, ಸಿಂಹದ ಮೈ.

ಆ ಸೋಪಿನ ಹಿಂದೆ ಇರೋದೂ ಒಂದು ಎಣ್ಣೆ. 1914ರವರೆಗೆ ಮೈಸೂರು ಸಂಸ್ಥಾನ ಶ್ರೀಗಂಧದ ಮರವನ್ನ ಮರವಾಗಿಯೇ ಹರಾಜು ಹಾಕ್ತಿತ್ತು. ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ಉಳೀತು. ಆಗ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳು ಸೇರಿ ಇಲ್ಲೇ ಎಣ್ಣೆ ಇಳಿಸಿ ತೋರಿಸಿದ್ರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. 1916–17ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸರ್ಕಾರದ ಶ್ರೀಗಂಧದೆಣ್ಣೆ ಕಾರ್ಖಾನೆ ಬಂತು, 1918ರಲ್ಲಿ ಸೋಪು.

ಬಿಕಾಂ ಕಣ್ಣಲ್ಲಿ ಇದನ್ನ ನೋಡಿ. ಮರದ ತುಂಡಿಗೆ ಹೆಸರಿಲ್ಲ, ಕೊಂಡವರು ಏನು ಬೇಕಾದ್ರೂ ಮಾಡ್ಕೋಬಹುದು. ಬಾಟಲಿಗೆ ಮಾತ್ರ ಹೆಸರಿದೆ, ಲಾಭ ಆ ಹೆಸರಿನ ಹಿಂದೆ ಬರುತ್ತೆ. ಚಿಕ್ಕಮ್ಮ ಬೀಜ ಆಡಿಸಿಕೊಡೋ ಕೂಲಿ ಬಿಟ್ಟು ಬಾಟಲಿಗೆ ಹೊರಟಿದ್ದೂ ಇದಕ್ಕೇ ಅಲ್ವಾ?

ಭಾಗ 6/7 : ಒಂದೊಂದು ಸಾಲಿಗೂ ಒಂದು ಕಾರಣ

ಈಗ ನಿಮ್ಮ ಮನೆ ಎಣ್ಣೆ ಪ್ಯಾಕೆಟ್ ತಗೊಂಡು ಬನ್ನಿ. ಜೊತೆಗೇ ಓದೋಣ.

ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಿಂಗಳು: ಪೊಟ್ಟಣದ ಸಾಮಾನುಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂದಿದ್ದು 1977ರಲ್ಲಿ. ಈಗ ಅದರ ಜಾಗದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ನಿಯಮಗಳಿವೆ.

"ಎಲ್ಲ ತೆರಿಗೆಗಳೂ ಸೇರಿ" ಗರಿಷ್ಠ ಬೆಲೆ: ಮೊದಲು "ಸ್ಥಳೀಯ ತೆರಿಗೆ ಪ್ರತ್ಯೇಕ" ಅಂತ ಬರೆಯೋಕೂ ಅವಕಾಶ ಇತ್ತು. ಆ ತೆರಿಗೆ ಎಷ್ಟು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಅಂಗಡಿಯವರು ಹೇಳಿದ್ದೇ ಲೆಕ್ಕ. 1990ರಲ್ಲಿ ಆ ದಾರಿ ಮುಚ್ಚಿದ್ರು.

14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್: 2006ರ ಆಹಾರ ಸುರಕ್ಷತಾ ಕಾಯ್ದೆಯಿಂದ ಬಂತು. ಚಿಕ್ಕಮ್ಮನಂಥ ಸಣ್ಣ ವ್ಯಾಪಾರಕ್ಕೂ ನೋಂದಣಿ ಬೇಕೇ ಬೇಕು.

ಲೀಟರ್ ಜೊತೆ ಗ್ರಾಂ: ಇದು ಮಜಾ ಇದೆ. ಎಣ್ಣೆ ಬಿಸಿಯಾದ್ರೆ ಹಿಗ್ಗುತ್ತೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 919 ಗ್ರಾಂ ತೂಗಿದ್ರೆ, 60 ಡಿಗ್ರಿಯಲ್ಲಿ 893 ಗ್ರಾಂ ಆಸುಪಾಸು. ಕೆಲವರು ಲೇಬಲ್ ಮೇಲೆ ಹೆಚ್ಚಿನ ಉಷ್ಣಾಂಶ ನಮೂದಿಸಿ "1 ಲೀಟರ್" ಅಂತ ಕಡಿಮೆ ಎಣ್ಣೆ ಮಾರ್ತಿದ್ರು. ಅಕ್ಷರ ಸುಳ್ಳಲ್ಲ, ಲೆಕ್ಕ ಮೋಸ. 2022ರಲ್ಲಿ ಕೇಂದ್ರ ಸರ್ಕಾರ ಉಷ್ಣಾಂಶ ತೆಗೆದುಹಾಕಿ, ಲೀಟರ್ ಜೊತೆ ತೂಕವನ್ನೂ ಹಾಕಿ ಅಂತ ಹೇಳಿತು.

ಬ್ಯಾಚ್ ನಂಬರ್ ಬಗ್ಗೆ ಮಾತ್ರ ನಿಧಾನವಾಗಿ ಓದಿ. 1998ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಜನರ ಕಾಲು ಊದಿಕೊಳ್ಳೋಕೆ ಶುರುವಾಯ್ತು. ಉಸಿರಾಟಕ್ಕೆ ತೊಂದರೆ, ಹೃದಯಕ್ಕೆ ಪೆಟ್ಟು. ಡ್ರಾಪ್ಸಿ ಅಂತ ಆ ಕಾಯಿಲೆ. ಕಾರಣ ಅಡುಗೆಯ ಸಾಸಿವೆ ಎಣ್ಣೆ. ಅದರೊಳಗೆ ಆರ್ಜಿಮೋನ್ ಅನ್ನೋ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿತ್ತು. ಬೀಜ ನೋಡೋಕೆ ಸಾಸಿವೆ ಥರಾನೇ, ಆದರೆ ವಿಷ. ಸುಮಾರು 60 ಜನ ಸತ್ತರು, ಸಾವಿರಾರು ಜನ ಆಸ್ಪತ್ರೆ ಸೇರಿದ್ರು. ಅದೇ ವರ್ಷ ಅಡುಗೆ ಎಣ್ಣೆಯನ್ನ ಬಿಡಿಯಾಗಿ ಮಾರಬಾರದು, ಪ್ಯಾಕ್ ಮಾಡಿ ಲೇಬಲ್ ಹಾಕಿಯೇ ಮಾರಬೇಕು ಅನ್ನೋ ಕೇಂದ್ರದ ಆದೇಶ ಬಂತು.

ಬಿಡಿ ಎಣ್ಣೆ ಯಾವ ಡ್ರಮ್ಮಿಂದ ಬಂತು ಅಂತ ಯಾರು ಹೇಳ್ತಾರೆ? ಬ್ಯಾಚ್ ನಂಬರ್ ಇದ್ರೆ ಅವತ್ತಿನ ಅಷ್ಟೂ ಬಾಟಲಿ ವಾಪಸ್ ತರಿಸಬಹುದು. ನಾನು "ಡಿಸೈನ್ ಹಾಳಾಗುತ್ತೆ" ಅಂತ ಬಿಟ್ಟಿದ್ದು ಅದೇ ಸಾಲನ್ನ.

ಭಾಗ 7/7 : ಎರಡನೇ ಲೇಬಲ್

ಕೊನೇ ಫೋಟೋ ಹೊಸ ಲೇಬಲ್‌ದು. ಕಾಗದ ಅಲ್ಲ, ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕ್ಕರ್, ಮೇಲೆ ಲ್ಯಾಮಿನೇಷನ್. ಎಣ್ಣೆ ಒರೆಸಿದ್ರೆ ಹೋಗುತ್ತೆ. ಈ ಸಲ ಇನ್ನೂರೇ. ದಿನಾಂಕ, ಬ್ಯಾಚಿಗೆ ಖಾಲಿ ಜಾಗ ಬಿಟ್ಟಿದ್ದೀವಿ. ಆಡಿಸಿದ ದಿನ ಅಲ್ಲೇ ಮುದ್ರೆ ಒತ್ತೋದು, ಮೊದಲೇ ಪ್ರಿಂಟ್ ಹಾಕಿಸಿದ್ರೆ ಮುಂದಿನ ತಿಂಗಳು ಮತ್ತೆ ಲೇಬಲ್ ವೇಸ್ಟ್. ಹಸಿರು ಚುಕ್ಕೆ ಇದೆ. ಅಕ್ಷರ ದಪ್ಪ ಇದೆ. ಕಡಲೆಕಾಯಿ ಚಿತ್ರ ಉಳಿಸಿಕೊಂಡೆ, ಅಜ್ಜಿಯಂಥೋರು ಗುರುತು ಹಿಡೀಲಿ ಅಂತ. "ಅಜ್ಜಿಯ ಕಾಲದ ರುಚಿ" ತೆಗೆದೆ.

ಗ್ರಾಹಕರ ದೂರಿಗೆ ನನ್ನ ನಂಬರ್ ಹಾಕ್ತೀನಿ ಅಂದೆ. ಚಿಕ್ಕಮ್ಮ ಬೇಡ ಅಂದ್ರು. "ಎಣ್ಣೆ ತೆಗೆಯೋಳು ನಾನು. ಬೈಯೋರು ನನ್ನನ್ನೇ ಬೈಲಿ, ನನ್ನ ನಂಬರ್ ಹಾಕು."

ಮೊನ್ನೆ ಅದೇ ಅಂಗಡಿಗೆ ಹನ್ನೆರಡು ಬಾಟಲಿ ಕೊಟ್ಟು ಬಂದೆ. ಅವರು ತಿರುಗಿಸಿ ನೋಡಿ, ಏನೂ ಹೇಳದೆ ಶೆಲ್ಫಿಗಿಟ್ಟರು. ಸೆಮಿಸ್ಟರ್ ರಿಸಲ್ಟ್ ದಿನವೂ ನನಗೆ ಅಷ್ಟು ಎದೆ ಹೊಡ್ಕೊಂಡಿರಲಿಲ್ಲ.

ನೀವೂ ಅಡುಗೆಮನೆಗೆ ಹೋಗಿ ಒಂದು ಬಾಟಲಿ ತಿರುಗಿಸಿ ನೋಡಿ. ಯಾವ ಸಾಲು ಇಲ್ಲ ಅಂತ ಕಾಮೆಂಟಲ್ಲಿ ಹೇಳಿ. ಮನೆಯಲ್ಲಿ ಯಾರಾದ್ರೂ ಉಪ್ಪಿನಕಾಯಿ, ಹಪ್ಪಳ, ಎಣ್ಣೆ ಮಾರೋಕೆ ಹೊರಟಿದ್ರೆ ಇದನ್ನ ಅವರಿಗೆ ಕಳಿಸಿ. ಐನೂರು ಲೇಬಲ್ ದುಡ್ಡು ಉಳಿಯುತ್ತೆ.

#ಶಿವಾರಪಟ್ಟಣ #ಮಾಲೂರು #ಕೋಲಾರ #ಗಾಣದೆಣ್ಣೆ #ಕಲ್ಲಚ್ಚು #ಬಿಕಾಂಹುಡುಗನಇತಿಹಾಸ